ಇಸ್ತ್ರಿ ಸಾಹೇಬನ ಬಸ್ಸು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಇಸ್ತ್ರಿ ಸಾಹೇಬ ಎಂದೇ ಕರೆಯುತ್ತಿದ್ದರು. ಹಾಸಿಗೆಯ ಹೊದಿಕೆಗಳನ್ನು ನುಂಗಿ ಗರಿಗರಿಯಾಗಿ ಹೊರಗೆ ಬಿಡುವ ದೊಡ್ಡ ಉರುಳೆಯ ಯಂತ್ರದ ಮುಂದೆ ನಿಂತನೆಂದರೆ, ಯಾರಾದರೂ ಮಾತಾಡಿಸಿದರೂ ತಿರುಗಿ ನೋಡುತ್ತಿರಲಿಲ್ಲ. 'ಕೆಲಸದಲ್ಲಿದೀನಿ' ಎನ್ನುತ್ತಿದ್ದ, ಅಷ್ಟೆ.

ಅವನ ಅಕ್ಕನಿಗೆ ಆ ಒಂದು ಮಾತು ಕೇಳಿದರೆ ಹೊಟ್ಟೆ ತುಂಬುತ್ತಿತ್ತು. ತಮ್ಮ ಹುಟ್ಟಿದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಡೌನ್ ಸಿಂಡ್ರೋಮ್, ಹೆಚ್ಚು ದಿನ ಬದುಕುವುದಿಲ್ಲ, ಬದುಕಿದರೂ ಏನೂ ಕಲಿಯುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಮ್ಮ ಅವತ್ತು ಅವನನ್ನು ಸೆರಗಿಗೆ ಕಟ್ಟಿಕೊಂಡವಳು ಮತ್ತೆ ಬಿಚ್ಚಲಿಲ್ಲ. ಅವನ ಊಟ ಆರಿಸಿ ಕೊಡುವುದು, ನೀರು ಹದ ಮಾಡುವುದು, ಗುಂಡಿ ಹಾಕುವುದು, ಯಾರಾದರೂ ಏನಾದರೂ ಕೇಳಿದರೆ ಅವನ ಪರವಾಗಿ ಉತ್ತರ ಕೊಡುವುದು, ಎಲ್ಲ ಅವಳೇ. ಅಪ್ಪ ತೀರಿಹೋದ ಮೇಲಂತೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಹಾಗಿದ್ದೂ ಅವನು ಗುಂಡಿ ಹಾಕಿಕೊಳ್ಳುವುದನ್ನು ಕಲಿತ, ಓದುವುದನ್ನು ಅಷ್ಟಿಷ್ಟು ಕಲಿತ. ಅಕ್ಕ ಬೀದಿಗೆ ಮುಖಮಾಡಿದ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟ ವರ್ಷವೇ ಅವನಿಗೂ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಬಸ್ಸು ಹತ್ತಿ ಇಳಿಯುವುದನ್ನು ಅಕ್ಕನೇ ಜೊತೆಗೆ ಹೋಗಿ ಕಲಿಸಿದಳು. ಒಂದು ದಿನ ನಿಲ್ದಾಣದಲ್ಲಿ ಅವನು ಅವಳ ಕೈ ಬಿಡಿಸಿಕೊಂಡು, 'ನೀನು ಅಂಗಡಿಗೆ ಹೋಗು, ಗಿರಾಕಿ ಕಾಯ್ತಾರೆ' ಎಂದ. ಅಲ್ಲಿಂದ ಒಬ್ಬನೇ.

ಮೂವತ್ತು ದಾಟಿದ ಮೇಲೆ ಅವನಿಗೆ ಫಿಟ್ಸ್ ಬರಲು ಶುರುವಾಯಿತು. ಮೊದಲನೆಯದು ಬಚ್ಚಲಿನಲ್ಲಿ. ದಡ್ ಎಂಬ ಸದ್ದಿಗೆ ಓಡಿಹೋದ ಅಮ್ಮನಿಗೆ ಕಂಡ ದೃಶ್ಯ ಆಮೇಲೆ ಅವಳ ಕಣ್ಣಿಂದ ಹೋಗಲೇ ಇಲ್ಲ. ಮಾತ್ರೆ ಶುರುವಾಯಿತು, ಆದರೂ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. 'ಕೆಲಸಾನೂ ಬೇಡ, ಬಸ್ಸೂ ಬೇಡ. ನಾನು ಇರೋ ತನಕ ಕಣ್ಣೆದುರಿಗೆ ಇರಲಿ' ಎಂದು ಅಮ್ಮ ತೀರ್ಮಾನ ಕೊಟ್ಟುಬಿಟ್ಟಳು. ಅಕ್ಕ ಎದುರಾಡಲಿಲ್ಲ. ಭಯ ಅವಳಿಗೇನು ಕಡಿಮೆ ಇತ್ತೇ?

ಮನೆಯಲ್ಲಿ ಉಳಿದ ತಮ್ಮ ಜಗಳ ಆಡಲಿಲ್ಲ, ಅಳಲಿಲ್ಲ. ಬೀರುವಿನಿಂದ ಬಟ್ಟೆಗಳನ್ನೆಲ್ಲ ತೆಗೆದು ಮಡಿಸಿಟ್ಟ. ಮತ್ತೆ ಕೆಡವಿ ಮತ್ತೆ ಮಡಿಸಿದ. ಅಂಗಡಿಗೆ ಬಂದು ಗಿರಾಕಿಗಳ ರವಿಕೆಗಳನ್ನೂ ಬಿಡಲಿಲ್ಲ. ಆಮೇಲೆ ಅದನ್ನೂ ನಿಲ್ಲಿಸಿ ಗೋಡೆಗೆ ಮುಖ ಮಾಡಿ ಕೂತ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಕ್ಕನಿಗೆ ಅವನ ಬೆನ್ನು ನೋಡಿ ನೋಡಿ ಕರುಳು ಕಿತ್ತು ಬಂತು.

ನರರೋಗದ ಡಾಕ್ಟರಮ್ಮನ ಬಳಿಗೆ ಮೂವರೂ ಹೋದರು. ಕೂತ ಕೂಡಲೇ ಅಮ್ಮ, 'ನೀವೇ ಸ್ವಲ್ಪ ಗದರಿಸಿ ಹೇಳಿ ಡಾಕ್ಟ್ರೇ, ಹೊರಗೆ ಹೋಗಬಾರದು ಅಂತ' ಎಂದಳು. ಡಾಕ್ಟರಮ್ಮ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಾವು ಕೂತ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದರು.

'ನಿಮಗೆ ಫಿಟ್ಸ್ ಬಂದ್ರೆ ಏನಾಗುತ್ತೆ, ಗೊತ್ತಾ?'

ಅಮ್ಮ ಬಾಯಿ ತೆರೆದಳು. ಡಾಕ್ಟರಮ್ಮ ಅವಳ ಕೈಮೇಲೆ ಮೆಲ್ಲಗೆ ಕೈಯಿಟ್ಟರು.

ಅವನು ಯೋಚಿಸಿದ. 'ಬೀಳ್ತೀನಿ. ತಲೆ ಒಡೆಯುತ್ತೆ. ರಕ್ತ ಬರುತ್ತೆ.'

'ಇನ್ನೂ ಜಾಸ್ತಿ ಆದ್ರೆ?'

'ಸತ್ತೂ ಹೋಗಬಹುದು.'

ಆ ಪದವನ್ನು ಮನೆಯಲ್ಲಿ ಯಾರೂ ಅವನ ಮುಂದೆ ಆಡಿದವರಲ್ಲ.

'ಹಾಗಾದ್ರೆ ಮನೇಲೇ ಇರೋದು ಒಳ್ಳೇದಲ್ವಾ?'

'ಮನೇಲೂ ಬೀಳ್ತೀನಿ. ಬಚ್ಚಲಲ್ಲಿ ಬಿದ್ದೆನಲ್ಲ' ಎಂದ. 'ಮನೇಲಿ ಸುಮ್ನೆ ಕೂತು ಬೀಳ್ತೀನಿ. ಅಲ್ಲಾದ್ರೆ ಕೆಲಸ ಮಾಡ್ತಾ ಬೀಳ್ತೀನಿ.'

ಡಾಕ್ಟರಮ್ಮನಿಗೆ ನಗು ಬಂತು, ಆದರೆ ಮಾತು ಸಡಿಲ ಮಾಡಲಿಲ್ಲ. ಹೊತ್ತುಹೊತ್ತಿಗೆ ಮಾತ್ರೆ ತಪ್ಪಿಸಬಾರದು, ಬಚ್ಚಲ ಬಾಗಿಲಿಗೆ ಚಿಲಕ ಹಾಕಬಾರದು, ಆ ಕಾದ ಉರುಳೆಯ ಯಂತ್ರದ ಹತ್ತಿರ ನಿಲ್ಲುವುದು ಸರಿಯಲ್ಲ ಎಂದು ಒಂದೊಂದನ್ನೂ ಯಾಕೆ ಏನು ಎಂದು ಬಿಡಿಸಿ ಹೇಳಿದರು. ಯಂತ್ರದ ಮಾತಿಗೆ ಅವನ ಮುಖ ಬಾಡಿತು. ಕೊನೆಗೆ, 'ಇಸ್ತ್ರಿ ಬಿಡ್ತೀನಿ. ಮಡಿಸೋ ಮೇಜಿಗೆ ಹೋಗ್ತೀನಿ. ಬಸ್ ಮಾತ್ರ ಬಿಡಲ್ಲ' ಎಂದ.

ಹೊರಗೆ ಬಂದಮೇಲೆ ಅಕ್ಕ ಒಬ್ಬಳೇ ವಾಪಸು ಹೋಗಿ, 'ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಡಾಕ್ಟ್ರೇ?' ಎಂದು ಕೇಳಿದಳು.

'ಆಗಬಹುದು. ಆಗಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅವರಿಗೆ ಎಲ್ಲಾ ಅರ್ಥ ಆಗಿದೆ, ನೀವೇ ಕೇಳಿದ್ರಲ್ಲ. ಅರ್ಥ ಆದವರ ಮಾತಿಗೆ ಇಲ್ಲ ಅನ್ನೋಕೆ ನಾನ್ಯಾರು?'

ಅಮ್ಮ ಇಡೀ ವಾರ ಮಾತು ಬಿಟ್ಟಳು. ಅಕ್ಕ ಮಾತ್ರ ಒಳ್ಳೆಯವಳ ಹಾಗೆ ಹೋಗಿ ಬಾ ಎಂದು ತಲೆಯಾಡಿಸಿ, ಅವನು ಕೆಲಸಕ್ಕೆ ಹೊರಟ ಬಸ್ಸಿಗೇ ಹಿಂದಿನ ಬಾಗಿಲಿನಿಂದ ಹತ್ತಿ, ಮುಖಕ್ಕೆ ಶಾಲು ಸುತ್ತಿಕೊಂಡು ಕೂರತೊಡಗಿದಳು. ಇಂಥ ಕಳ್ಳಾಟ ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಶಾಲಿನ ಮುಂದೆ ಬಂದು ನಿಂತವನು ತಮ್ಮ.

'ಅಕ್ಕಾ, ಟಿಕೆಟ್ ತಗೊಂಡ್ಯಾ?'

'ತಗೊಂಡೆ ಕಣೋ.'

'ಸರಿ. ಮುಂದಿನ ಸ್ಟಾಪಲ್ಲಿ ಇಳಿ.'

ಬಸ್ಸಿಗೆ ಬಸ್ಸೇ ನಕ್ಕಿತು. ಅವಳು ಮುಖ ಕೆಂಪಗೆ ಮಾಡಿಕೊಂಡು ಇಳಿದಳು. ಮತ್ತೆ ಹತ್ತಲಿಲ್ಲ.

ಅವಳು ಅಂಜುತ್ತಿದ್ದ ದಿನ ಬಂದೇ ಬಂತು. ಯಾರದೋ ಕುಪ್ಪಸಕ್ಕೆ ಕತ್ತರಿ ಹಾಕುತ್ತಿದ್ದಾಗ ಫೋನು ಬಂತು. ಬಸ್ಸು ಸೇತುವೆಯ ಈಚೆ ನಿಂತಿದೆ, ನಿಮ್ಮ ತಮ್ಮನಿಗೆ ಫಿಟ್ಸ್ ಬಂದಿದೆ. ಕಾಲಿಗೆ ಚಪ್ಪಲಿ ಹಾಕಿಕೊಂಡಳೋ ಇಲ್ಲವೋ ಅವಳಿಗೇ ತಿಳಿಯದು.

ಬಸ್ಸಿನೊಳಗೆ ಗಲಾಟೆ ಇರಬಹುದೆಂದು ಎದೆ ಗಟ್ಟಿಮಾಡಿಕೊಂಡೇ ಹತ್ತಿದಳು. ಗಲಾಟೆ ಇರಲಿಲ್ಲ. ಸೀಟುಗಳ ನಡುವಿನ ದಾರಿಯಲ್ಲಿ ತಮ್ಮ ಒಂದು ಮಗ್ಗುಲಾಗಿ ಮಲಗಿದ್ದ. ತಲೆಯ ಕೆಳಗೆ ಡ್ರೈವರನ ಕೋಟು. ಸೆಳೆತ ನಿಂತಿತ್ತು, ಹುಬ್ಬು ಒಡೆದು ರಕ್ತ ಇಳಿದಿತ್ತು, ಮುಂದಿನ ಹಲ್ಲೊಂದರ ತುದಿ ಹೋಗಿತ್ತು. ಕನ್ನಡಕದ ಹೆಂಗಸೊಬ್ಬಳು ಪಕ್ಕದಲ್ಲಿ ಮಂಡಿಯೂರಿ ಕೈಗಡಿಯಾರ ನೋಡುತ್ತಿದ್ದಳು. ಹೊಸಬನೊಬ್ಬ ನೀರಿನ ಬಾಟಲಿ ಹಿಡಿದು ಬಗ್ಗಿದ್ದೇ ತಡ, ನಾಲ್ಕು ಕಡೆಯಿಂದ 'ಬಾಯಿಗೆ ಏನೂ ಹಾಕಬೇಡಿ!' ಎಂದು ಗದರಿದರು.

'ನಿಮಗೆಲ್ಲಾ ಇದು ಹೇಗೆ ಗೊತ್ತು?' ಅಕ್ಕ ಕೇಳಿದಳು.

'ಸಾಹೇಬ್ರೇ ಹೇಳಿಕೊಟ್ಟಿದ್ದು' ಎಂದ ಡ್ರೈವರ್. 'ವಾರಕ್ಕೊಂದು ಸಲ ಪಾಠ ಇರುತ್ತಲ್ಲಮ್ಮ! ನಾನು ಬಿದ್ರೆ ಮಗ್ಗುಲಿಗೆ ತಿರುಗಿಸಿ, ಕೈಕಾಲು ಒತ್ತಿ ಹಿಡಿಬೇಡಿ, ಟೈಮ್ ನೋಡಿ, ಜಾಸ್ತಿ ಹೊತ್ತಾದ್ರೆ ಆಂಬುಲೆನ್ಸ್ ಕರೀರಿ, ಅಕ್ಕನಿಗೆ ಫೋನ್ ಮಾಡಿ ಅಂತ. ಇಲ್ಲೇ ಮಲಗಿ ತೋರಿಸ್ತಾರೆ. ಒಂದಿನ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅಂತ ನನ್ನನ್ನೇ ಮಲಗಿಸಿ ತಿರುಗಿಸಿದ್ರು.'

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ಆದರೆ ಅದು ದುಃಖದ ನೀರಲ್ಲ. ನಾನು ಶಾಲು ಸುತ್ತಿಕೊಂಡು ಕಾಯಲು ಹೊರಟಿದ್ದೆ. ಇವನು ಯಾರಿಗೂ ಹೇಳದೆ ತನ್ನ ಕಾವಲನ್ನು ತಾನೇ ಕಟ್ಟಿಕೊಂಡಿದ್ದಾನೆ!

ಸಂಜೆ ಮನೆಯಲ್ಲಿ ಅಮ್ಮ ಹೊಲಿಗೆ ಹಾಕಿದ ಹುಬ್ಬು ನೋಡಿ ಸಿಡಿದಳು. 'ನೋಡಿದ್ಯಾ? ಇನ್ನು ಸಾಕು, ಎಲ್ಲಾ ಸಾಕು!'

'ಅಮ್ಮ, ಬಿದ್ದಿದ್ದು ಅವನು. ಸಾಕೋ ಬೇಕೋ ಅವನೇ ಹೇಳಲಿ' ಎಂದಳು ಅಕ್ಕ.

ಅವನು ಮುರಿದ ಹಲ್ಲಿನ ಮೇಲೆ ನಾಲಿಗೆ ಆಡಿಸುತ್ತ ಲೆಕ್ಕ ಹಾಕಿದ. 'ನಾಳೆ ತಲೆನೋವು ಇರುತ್ತೆ. ನಾಳೆ ರಜ. ಸೋಮವಾರ ಹೋಗ್ತೀನಿ.' ಆಮೇಲೆ ಅಮ್ಮನ ಕಡೆ ತಿರುಗಿ, 'ನೀನೂ ಬಾ. ಒಂದು ಸಲ ನೋಡು' ಎಂದ.

ಸೋಮವಾರ ಅಮ್ಮ ಒಲ್ಲದ ಮನಸ್ಸಿನಿಂದ ಹೋದಳು. ಲಾಂಡ್ರಿಯ ಮೇಜಿನ ಮುಂದೆ ಅವಳನ್ನು ನಿಲ್ಲಿಸಿ, ಹೊದಿಕೆಯ ಎರಡು ತುದಿ ಅವಳ ಕೈಗೆ ಕೊಟ್ಟು, 'ಮೂಲೆಗೆ ಮೂಲೆ ಕೂಡಬೇಕು' ಎಂದು ಮಗ ಕೆಲಸ ಮಾಡಿಸಿದನಂತೆ. ವಾಪಸು ಬರುವಾಗ ಬಸ್ಸು ತಿರುವಿನಲ್ಲಿ ವಾಲಿದಾಗ, ಕೈಚೀಲ ಹುಡುಕುತ್ತಿದ್ದ ಅವಳಿಗೆ, 'ಅಮ್ಮಾ, ಕಂಬಿ ಹಿಡ್ಕೋ, ಬೀಳ್ತೀಯ' ಎಂದನಂತೆ. ಇದನ್ನು ಅಮ್ಮ ಪಕ್ಕದ ಮನೆಯವರಿಗೆ ಬೈಗುಳದ ದನಿಯಲ್ಲೇ ಹೇಳಿದಳು. 'ನಮ್ಮವನದು ಒಂದೇ ಹಟ, ಯಾರ ಮಾತೂ ಕೇಳಲ್ಲ, ನನಗೇ ಬುದ್ಧಿ ಹೇಳ್ತಾನೆ!' ಎಂದು ನಾಲ್ಕು ಮನೆಗೆ ಕೇಳುವಷ್ಟು ಗಟ್ಟಿಯಾಗಿ.

ಫಿಟ್ಸ್ ಪೂರ್ತಿ ನಿಂತಿಲ್ಲ. ಅಮ್ಮನ ಭಯವೂ ನಿಂತಿಲ್ಲ. ಅಂಗಡಿಗೆ ಬಂದ ಗಿರಾಕಿಗಳು, 'ಅಂಥವನನ್ನ ಒಬ್ಬನೇ ಹೇಗೆ ಬಿಡ್ತೀರಾ?' ಎಂದು ಕೇಳುವುದುಂಟು. ಅಕ್ಕ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಹೇಳುತ್ತಾಳೆ: 'ನಾವ್ಯಾರು ಬಿಡೋಕೆ? ಅವನು ಹೋಗ್ತಾನೆ. ಸ್ವಲ್ಪ ಕೈ ಎತ್ತಿ, ತೋಳಿನ ಅಳತೆ ತಗೋಬೇಕು.'