ಹೋಗ್ತೀನಿ ಅನ್ನಬಾರದು

ನಾನು ಸೇರಿದ್ದು ವಿಶೇಷ ಶಿಕ್ಷಣದ ಪದವಿಗೆ. ಹಾಗೆಂದರೆ ಏನೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ತಿಳಿಯದಿದ್ದರೂ ಸಂತೋಷಪಟ್ಟರು. ನಮ್ಮ ದೊಡ್ಡಪ್ಪ ಸೋಸಲೆಯಿಂದ ನರಸೀಪುರದ ಬಸ್ ಸ್ಟ್ಯಾಂಡಿನವರೆಗೆ ಸಿಕ್ಕಸಿಕ್ಕವರಿಗೆಲ್ಲ "ನಮ್ಮುಡ್ಗಿ ಸ್ಪೆಷಲ್ ಟೀಚರ್ ಆಯ್ತಾವ್ಳೆ, ಮಾಮೂಲಿ ಅಲ್ಲ" ಎಂದು ಹೇಳಿಕೊಂಡು ಬಂದರು. ದೋಸೆಯಲ್ಲಿ ಸಾದಾ, ಸ್ಪೆಷಲ್ ಅಂತ ಇರುತ್ತದಲ್ಲ, ಆ ಲೆಕ್ಕ. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಕಲಿಸುವುದು ಎಂದು ನಾನು ಬಿಡಿಸಿ ಹೇಳಿದ ಮೇಲೆ, "ಅದ್ಕೆ ತಾಳ್ಮೆ ಬೇಕಲ್ವಾ ಮಗ?" ಎಂದರು. ಅವರ ಅನುಮಾನಕ್ಕೆ ಕಾರಣವಿತ್ತು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವಳು ನಾನು. ಪುಣ್ಯಕ್ಕೆ ಮೈಸೂರಿನ ನಮ್ಮ ಕಾಲೇಜಿನಲ್ಲಿ ತಾಳ್ಮೆಗೆ ಬೇರೆ ಪೇಪರ್ ಇರಲಿಲ್ಲ.

ಕೊನೆಯ ವರ್ಷ ತರಬೇತಿಗೆಂದು ನಂಜನಗೂಡಿನ ಒಂದು ವಿಶೇಷ ಶಾಲೆಗೆ ಹಾಕಿದರು. ನನ್ನ ಪಾಲಿಗೆ ಬಂದವಳು ಆಟಿಸಂ ಇದ್ದ ಒಬ್ಬ ಹುಡುಗಿ, ಹನ್ನೊಂದು ವರ್ಷದವಳು. ಶಾಲೆಯ ಗದ್ದಲ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಭಾನುವಾರ ಬಿಟ್ಟು ದಿನಾ ಸಂಜೆ ಅವಳ ಮನೆಗೇ ಹೋಗಿ ಕಲಿಸಬೇಕು. ತಾಯಿ ತಾಂಡವಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಅಜ್ಜಿ. ಹುಡುಗಿ ನಾವು ಅಂದ ಮಾತನ್ನೇ ನಮಗೆ ವಾಪಸು ಕೊಡುತ್ತಿದ್ದಳು. "ಏನ್ ಬೇಕು?" ಅಂದರೆ ಅವಳೂ "ಏನ್ ಬೇಕು?" "ನೀರು ಬೇಕಾ?" ಅಂದರೆ "ನೀರು ಬೇಕಾ?" ತನ್ನದೇ ಆದ ಒಂದು ಉತ್ತರ ಅವಳ ಬಾಯಿಂದ ಬರಬೇಕು, ಅದೇ ನಿನ್ನ ಕೆಲಸ ಎಂದು ಕಾಲೇಜಿನ ಮೇಡಂ ಹೇಳಿ ಕಳಿಸಿದ್ದರು.

ಮೊದಲ ದಿನ ಪಾಠ ಮುಗಿಸಿ, ಬ್ಯಾಗು ಹೆಗಲಿಗೇರಿಸಿ "ಬತ್ತೀನಿ" ಅಂದೆ. ಅವಳೂ "ಬತ್ತೀನಿ" ಅಂದಳು. ನಾನು ನರಸೀಪುರದ ಬಸ್ಸು ಹತ್ತಿದೆ.

ಮರುದಿನ ಹೋದರೆ ಅಜ್ಜಿ ಜಗುಲಿಯಲ್ಲೇ ಹಿಡಿದುಕೊಂಡರು. "ಏನವ್ವಾ ಟೀಚರಮ್ಮ, ಬತ್ತೀನಿ ಅಂದ್ಬುಟ್ಟು ಒಂಟೋದೆಯಲ್ಲ! ನೀ ಬತ್ತೀಯ ಅಂತ ಈ ಮಗ ಬಾಗ್ಲು ಬುಟ್ಟು ಅಳ್ಳಾಡ್ನಿಲ್ಲ. ಒಂದ್ ತುತ್ತು ಬಾಯ್ಗಿಕ್ನಿಲ್ಲ."

"ಬತ್ತೀನಿ ಅಂದ್ರೆ ಹೊರಟೆ ಅಂತ ಅಲ್ವಾ ಅಜ್ಜಿ?" ಅಂದೆ.

"ನಂಗೊತ್ತು ಕಣವ್ವ. ಅವ್ಳಿಗ್ ಯೋಳು."

ಆಟಿಸಂ ಇರುವ ಎಷ್ಟೋ ಮಕ್ಕಳು ಮಾತನ್ನು ಇದ್ದದ್ದು ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಒಳ್ಳೆಯ ಮಾರ್ಕ್ಸ್ ತೆಗೆದವಳು ನಾನೇ. ಪುಸ್ತಕದಲ್ಲಿದ್ದ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಹೊರಡುವಾಗ ಬರ್ತೀನಿ ಅನ್ನುವ ಜನ ಕಾವೇರಿ ದಂಡೆಯಲ್ಲಿದ್ದಾರೆ ಎಂದು ಅದನ್ನು ಬರೆದವರಿಗೆ ಯಾರೂ ಹೇಳಿರಲಿಲ್ಲ.

ಸರಿ, ಆ ಸಂಜೆ "ಓಯ್ತೀನಿ" ಅಂದೆ. ಅಜ್ಜಿ ಒಳಗಿಂದ ಓಡಿಬಂದರು. "ಬುಡ್ತು ಅನ್ನು! ಬುಡ್ತು ಅನ್ನು! ದೀಪ ಅಚ್ಚೋ ಒತ್ನಲ್ಲಿ ಓಯ್ತೀನಿ ಅಂದಾರಾ? ಇವ್ಳ ತಾತ ಅಂಗಂದ್ಬುಟ್ಟೇ ಓಗಿದ್ದು." ತಾತ ಎಲ್ಲಿಗೆ ಹೋದರು ಎಂದು ಕೇಳುವ ಅಗತ್ಯವಿರಲಿಲ್ಲ, ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಮ್ಮನ್ನೇ ನೋಡುತ್ತಿದ್ದರು. ನಾನು ಬುಡ್ತು ಅಂದೆ. ಹುಡುಗಿಯೂ ಬುಡ್ತು ಅಂದಳು. ಅಜ್ಜಿ ನನ್ನನ್ನು ಮತ್ತೆ ಕೂರಿಸಿ, ನೀರು ಕುಡಿಸಿ ಕಳಿಸಿದರು.

ಕೊನೆಗೆ ಒಂದು ದಾರಿ ಸಿಕ್ಕಿತು. ಬಾಗಿಲ ಪಕ್ಕ ಸಾಲಾಗಿ ಚಿತ್ರಗಳನ್ನು ಅಂಟಿಸಿದೆ: ಊಟ, ನಿದ್ದೆ, ಸ್ನಾನ, ತಿಂಡಿ, ಆಮೇಲೆ ನನ್ನ ಫೋಟೋ. ಫೋಟೋದ ಮೇಲೆ ಅವಳ ಬೆರಳಿಡಿಸಿ "ನಾಳೆ ಬತ್ತೀನಿ" ಅಂದರೆ ಅವಳು ಎದ್ದು ಊಟಕ್ಕೆ ಹೋಗುತ್ತಿದ್ದಳು. ಶನಿವಾರ ಮಾತ್ರ ಅದೇ ಸಾಲು ಎರಡು ಸಲ, ಮಾತು "ನಾಳಿದ್ದು ಬತ್ತೀನಿ". ಆದರೆ ಅಂದ ಮೇಲೆ ಬರಲೇಬೇಕು. ಒಂದು ದಿನ ನಾನು ಜ್ವರ ಬಂದು ಮಲಗಿದೆ. ಅವಳು ತನ್ನ ಕೈಯನ್ನು ತಾನೇ ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದಳು. ಅದನ್ನು ನೋಡಿದಾಗಿನಿಂದ ತರಬೇತಿ ಮುಗಿಯಲು ಇನ್ನೆಷ್ಟು ದಿನವಿದೆ ಎಂದು ಬಸ್ಸಿನಲ್ಲಿ ಹೆದರುತ್ತಲೇ ಎಣಿಸತೊಡಗಿದೆ.

ಆ ದಿನ ಹತ್ತಿರ ಬಂತು. ನನ್ನ ಜಾಗಕ್ಕೆ ಶಾಲೆಯ ಇನ್ನೊಬ್ಬ ಟೀಚರು ಬರುವುದೆಂದಾಯಿತು. ನನಗೆ ದೂರದ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ನನ್ನ ಜೊತೆ ಓದುತ್ತಿದ್ದವಳು, "ಹೇಳ್ದೆ ಜಾಗ ಖಾಲಿ ಮಾಡು ಕಣೇ, ಮಕ್ಕಳು ಮರೀತಾವೆ" ಅಂದಳು. ಅವಳ ಜೊತೆ ಎರಡು ದಿನ ಮಾತು ಬಿಟ್ಟೆ. ಅಜ್ಜಿಯೂ ಅದನ್ನೇ ಇನ್ನೊಂದು ಥರ ಹೇಳಿದರು: "ಬತ್ತೀನಿ ಅಂದ್ಬುಡವ್ವ ಅತ್ಲಾಗೆ. ನಾಕ್ ದಿನ ಕಾದು ಸುಮ್ಕಾಯ್ತಾಳೆ."

"ಸುಮ್ನಾಗ್ತಾಳೆ ಅಂತ ನಿಮಗೆ ಯಾರು ಹೇಳಿದ್ರು?" ನನ್ನ ದನಿ ಏರಿತ್ತು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. "ಯಾರೂ ಯೋಳ್ನಿಲ್ಲ. ಇವ್ಳಪ್ಪ ಬಾನ್ವಾರ ಬತ್ತೀನಿ ಅಂದ್ಬುಟ್ಟು ಓದ. ಅಲ್ಲೆಲ್ಲೋ ಇನ್ನೊಂದ್ ಮನೆ ಮಾಡ್ಕಂಡವ್ನೆ. ಇವ್ಳು ಈಗ್ಲೂವೆ ಬಾನ್ವಾರ ಬಂದ್ರೆ ಬಾಗ್ಲಲ್ಲಿ ಕೂತ್ಕತಾಳೆ."

ಭಾನುವಾರ ನನಗೆ ರಜೆ. ಆ ಬಾಗಿಲನ್ನು ನಾನು ಭಾನುವಾರ ನೋಡಿಯೇ ಇರಲಿಲ್ಲ. "ಹಂಗಾದ್ರೆ ನಾನು ಸುಳ್ಳು ಹೇಳಲ್ಲ ಅಜ್ಜಿ" ಅಂದೆ.

ಅಜ್ಜಿ ಗೋಡೆಯ ಮೇಲಿದ್ದ ತಾತನನ್ನು ಒಮ್ಮೆ ನೋಡಿದರು. "ಆಯ್ತು. ನಾ ಅಡ್ಗೆ ಮನೇಲಿರ್ತೀನಿ. ನೀ ಏನಾರ ಅನ್ನು. ನನ್ ಕಿವೀಗ್ ಬೀಳ್ಬಾರ್ದು, ಅಷ್ಟೆ."

ಕೊನೆಯ ಸಂಜೆ ಪಾಠ ಮುಗಿಯುತ್ತಿದ್ದಂತೆ ಅಜ್ಜಿ ಒಳಗೆ ಹೋಗಿ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಒಟ್ಟಿಗೆ ತಿಕ್ಕತೊಡಗಿದರು. ಆ ಸದ್ದಿನಲ್ಲಿ ಯಾವ ಅಪಶಕುನವೂ ಕೇಳಿಸುವಂತಿರಲಿಲ್ಲ. ನಾನು ಗೋಡೆಯಿಂದ ನನ್ನ ಫೋಟೋ ಕಿತ್ತೆ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ನಾನು ಓಯ್ತೀನಿ. ನಾಳೆ ಬರಲ್ಲ. ನಾಳಿದ್ದೂ ಬರಲ್ಲ. ನನಗೆ ಕಾಯ್ಬೇಡ" ಅಂದೆ. ಅವಳು ಫೋಟೋ ಇದ್ದ ಜಾಗದ ಗೋಂದನ್ನು ಬೆರಳಿನಿಂದ ಉಜ್ಜಿ ನೋಡಿದಳು. ಅವಳೂ ಓಯ್ತೀನಿ ಅನ್ನುತ್ತಾಳೆಂದು ನಾನು ಕಾದೆ.

"ಓಗು" ಅಂದಳು.

ನಾನು ಅಂದದ್ದಲ್ಲ ಅದು. ಅವಳದೇ ಉತ್ತರ. ಇಷ್ಟು ದಿನ ಇದಕ್ಕಾಗಿ ಪಾಡು ಪಟ್ಟವಳು ಕುಣಿದಾಡಬೇಕಿತ್ತು. ಆದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಮಂಕಾಗಿ ನಿಂತೆ. ಅವಳು ಎದ್ದು ಬಂದು ಬಾಗಿಲು ಹಾಕಿಕೊಂಡಳು. ಒಳಗೆ ಪಾತ್ರೆಯ ಸದ್ದು ನಿಂತಿತು. "ಎದ್ದಾ ಮಗ? ಬಾ, ಉಣ್ಣು" ಎಂದು ಅಜ್ಜಿ ಕರೆದದ್ದೂ ತಟ್ಟೆ ಇಟ್ಟ ಸದ್ದೂ ಕೇಳಿಸಿತು.

ಅವಳು ಯಾರಿಗೂ ಕಾಯದೆ ಉಣ್ಣಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಅದು ಆಯಿತು. ನರಸೀಪುರದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು, ಇಳಿಯುವವರೆಗೂ ಅತ್ತೆ. ಒಂದೇ ಒಂದು ಸಲ ಬಾಗಿಲು ತೆರೆದು ನೋಡಬಹುದಿತ್ತು ಆ ಹುಡುಗಿ.