ಜಗಲಿಗೆ ಹೊಡೆದ ಸೀಟು

ಮಳೆ ಹಿಡಿದರೆ ಹೊಳೆನರಸೀಪುರದ ನಮ್ಮ ಮನೆಯ ಜಗಲಿ ಕೋಣೆಯಲ್ಲಿ ಚಾಪೆ ಎಳೆದ ಸದ್ದಾಗುತ್ತದೆ. ಒಳಗೆ ಯಾರೂ ಇಲ್ಲ. ನಿಮ್ಮ ಕಿವಿ ಕೆಟ್ಟಿದೆ ಎನ್ನುತ್ತಾಳೆ ಹೆಂಡತಿ. ಚಾಪೆ ಎಳೆಯುತ್ತಿದ್ದ ಅಕ್ಕ ಬದುಕಿದ್ದಾಳೆ, ಅರಕಲಗೂಡಿನಲ್ಲಿದ್ದಾಳೆ. ಅದಕ್ಕೇ ನನಗೆ ಹೆಚ್ಚು ಭಯ.

ನಾನು ಮರಗೆಲಸದವನು. ನಮ್ಮ ಕಡೆ ಗೋಡೆಗೆ ಹೊಡೆಯುವುದೆಲ್ಲ ‘ಸೀಟು’. ಸಿಮೆಂಟಿನದೂ ಸೀಟು, ಪ್ಲೈವುಡ್ಡೂ ಸೀಟು, ಮರದ ನಾರು ಒತ್ತಿ ಮಾಡಿದ ಹಾರ್ಡ್‌ಬೋರ್ಡೂ ಸೀಟು. ಹಾರ್ಡ್‌ಬೋರ್ಡಿನಲ್ಲೇ ಎರಡು ಜಾತಿ. ಎಣ್ಣೆ ಕುಡಿಸಿದ್ದು ಕಪ್ಪಗೆ, ಗಟ್ಟಿಯಾಗಿದ್ದು ತಕ್ಕಮಟ್ಟಿಗೆ ಮಳೆ ತಡೆಯುತ್ತದೆ. ಎಣ್ಣೆ ಕಾಣದ್ದು ತಿಳಿಗಂದು, ಒಳಗೋಡೆಗಷ್ಟೇ ಸರಿ. ಬಣ್ಣ ಬಳಿದುಬಿಟ್ಟರೆ ಅಂಚಿಗೆ ಒದ್ದೆ ಬೆರಳು ಒತ್ತಿ ನೋಡಬೇಕು. ಎಣ್ಣೆ ಇಲ್ಲದ್ದು ನೀರನ್ನು ಕುಡಿದುಬಿಡುತ್ತದೆ. ನನಗೋ, ಗೆಣ್ಣಿಂದ ತಟ್ಟಿದರೆ ಸಾಕು ಎಂಬ ಜಂಬ.

ಗಂಡನ ಹೊಡೆತ ತಾಳದೆ ಬಂದ ಅಕ್ಕ ನಮ್ಮ ಅಡುಗೆಮನೆಯಲ್ಲಿ ಮಲಗುತ್ತಿದ್ದಳು. “ಜಗಲಿಗೆ ಸೀಟ್ ಒಡ್ದ್‌ಕೊಡ್ಲಾ, ನಂಗೂ ಒಂದ್ ಮೂಲೆ ಅಂತ ಇರ್ಲಿ” ಎಂದಳು. ಹಾಸನದ ಅಂಗಡಿಯೊಂದರ ಕೆಲಸದಲ್ಲಿ ಉಳಿದಿದ್ದ, ಎರಡೂ ಮೈಗೆ ಬಿಳಿ ಬಳಿದ ಹಾರ್ಡ್‌ಬೋರ್ಡು ತಂದೆ. ಒಂದು ಸಲ ತಟ್ಟಿ ಹೊಡೆದೇಬಿಟ್ಟೆ.

ಮೊದಲ ಜೋರು ಮಳೆಗೇ ಅದರ ಬುಡ ಟೀಗೆ ಅದ್ದಿದ ಬಿಸ್ಕತ್ತಿನಂತೆ ಉಬ್ಬಿತು. ಅಕ್ಕ ದಿನಕ್ಕೊಂದು ಗೇಣು ಚಾಪೆಯನ್ನು ಒಳಕ್ಕೆ ಎಳೆದುಕೊಂಡಳು. ಒಂದು ಬೆಳಿಗ್ಗೆ, “ಇಂಗೇ ಎಷ್ಟ್ ದಿನ ಕಣ್ಲಾ?” ಎಂದು ಕೇಳಿದಳು. ಸೀಟು ಗುರುತಿಸುವುದರಲ್ಲಿ ಎಡವಿದೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. “ಮಳೆಗಾಲ ಕಳೀಲಿ, ಆಮೇಲ್ ನೋಡಾಣ ಬುಡು” ಎಂದೆ. ನಾನು ಆಡಿದ್ದು ಗೋಡೆಯ ಮಾತು.

ಮಳೆ ನಿಂತ ವಾರ ಎಣ್ಣೆ ಕುಡಿದ ಸೀಟು ಹೊತ್ತು ತಂದೆ. ಕೋಣೆ ಗುಡಿಸಿ, ಚಾಪೆ ಸುತ್ತಿಟ್ಟು ಅಕ್ಕ ಗಂಡನ ಮನೆಗೆ ಹೊರಟುಹೋಗಿದ್ದಳು. “ಮಳೆಗಾಲದ ಗಂಟ ಇರು ಅಂದಿದ್ದ, ಇದ್ದೆ” ಎಂದು ನನ್ನ ಹೆಂಡತಿಗೆ ಹೇಳಿದಳಂತೆ.

ಹೊತ್ತ ಸೀಟನ್ನು ಜಗಲಿಯಲ್ಲೇ ಇಳಿಸಿದೆ. ಸಿಕ್ಕ ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ಅಕ್ಕ ಹೊಸ್ತಿಲಿಗೆ ಅಡ್ಡ ನಿಂತಳು. ತುಟಿ ಒಡೆದಿತ್ತು.

“ನಾನಂದಿದ್ದು ಗ್ವಾಡೆ ವಿಸ್ಯ ಕಣಕ್ಕಾ. ಸೀಟ್ ತಪ್ಪಾಗೋಗಿತ್ತು.”

“ಅದ್ನ ಅವತ್ತೇ ಅಂದಿದ್ರೆ ಆಗ್ತಿರ್ನಿಲ್ವೇನ್ಲಾ?”

ಒಳಗಿನಿಂದ ಭಾವ ಕೆಮ್ಮಿದ. ಅಕ್ಕ ಬಾಗಿಲು ಹಾಕಿಕೊಂಡಳು.