ಪ್ರೇಮಾ ಕಟ್ಟುವ ಗಂಟೆ

ಎಚ್‌.ಡಿ. ಕೋಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಂಶೋಧನಾ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಪ್ರೇಮಾ ಕಿಟಕಿಗೆ ಕರಿಬಟ್ಟೆ ಎಳೆಯುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ. ಬಿಸಿಲು ಬಿದ್ದರೆ ಪರೀಕ್ಷೆಗೆ ಬಳಸುವ ಬಣ್ಣದ ನೀರು ಕೆಡುತ್ತದೆ. ಹೊರಗೆ ಬೆಂಚಿನ ಮೇಲೆ ಅವರ ತಂಗಿ ನಿಂಗಿ, ಮಡಿಲಲ್ಲಿ ಎಳೆಗೂಸು. ಇವತ್ತು ಆ ಕೂಸಿನ ರಕ್ತದ ಪರೀಕ್ಷೆ.

ಕಾಡಂಚಿನ ಬುಡಕಟ್ಟು ಹಾಡಿಗಳನ್ನು ಕಾಡುವ ಸಿಕಲ್‌ಸೆಲ್ ಎಂಬ ಕಾಯಿಲೆ ಹೆತ್ತವರ ರಕ್ತದಿಂದಲೇ ಮಕ್ಕಳಿಗೆ ಬರುತ್ತದೆ. ಪ್ರೇಮಾ ಅವರ ತಮ್ಮ ರಮೇಶ್ ಅದರ ಮೂಳೆನೋವಿನಲ್ಲಿ ನರಳಿ ನರಳಿ ಸತ್ತ. "ಗಾಳಿ ಸೋಕೈತೆ ಅಂತ ತಾಯತ ಕಟ್ಟುದ್ವು. ರೋಗದ ಹೆಸ್ರೇ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಪ್ರೇಮಾ. ಅವನು ಹೋದ ಮೇಲೆ ಇಲ್ಲಿ ಕಸ ಗುಡಿಸಲು ಬಂದರು, ನೋಡುತ್ತ ನೋಡುತ್ತ ಈ ಪರೀಕ್ಷೆಯ ಕೆಲಸ ಕಲಿತರು.

ರೋಗದ ಡಿಎನ್‌ಎಗೆ ಮಾತ್ರ ಅಂಟುವ ಪುಟ್ಟ ಎಳೆಯೊಂದಿದೆ. ಬಣ್ಣ ತರಿಸುವ ಗುರುತು ಅಂಟಿಸಿದ ನ್ಯೂಕ್ಲಿಯೋಟೈಡ್‌ಗಳನ್ನು, ಅಂದರೆ ಡಿಎನ್‌ಎಯ ಮಣಿಗಳನ್ನು, ಪ್ರೇಮಾ ಅದಕ್ಕೆ ಬಾಲದಂತೆ ಸೇರಿಸುತ್ತಾರೆ. ಮಣಿ ಕಡಿಮೆಯಾದರೆ ಬಣ್ಣ ಮಂಕು, ಜಾಸ್ತಿಯಾದರೆ ಬಾಲವೇ ಬೆಳೆಯದು. ರಕ್ತದಿಂದ ತೆಗೆದ ಡಿಎನ್‌ಎಯನ್ನು ಕಾಗದದಂಥ ಪಟ್ಟಿಯ ಮೇಲೆ ಹಾಕಿ, ಎಳೆಯನ್ನು ಬಿಟ್ಟು, ಬಣ್ಣದ ನೀರಿಗೆ ಇಳಿಸಿದರೆ ಎಳೆ ಅಂಟಿದ ಕಡೆ ನೀಲಿ ಚುಕ್ಕೆ ಮೂಡುತ್ತದೆ. "ಕಾಡಿಗೆ ಬುಟ್ಟ ದನುಕ್ಕೆ ಗಂಟೆ ಕಟ್ಟಕಿಲ್ವಾ? ಅಂಗೇ ಕಣ್ರೀ. ಸದ್ದು ಬಂದ ಕಡೆ ದನ ಐತೆ."

ಒಳ್ಳೆಯ ಡಿಎನ್‌ಎ ಹುಡುಕಲು ಇನ್ನೊಂದು ಎಳೆ, ಅದಕ್ಕೊಂದು ಬೇರೆ ಪಟ್ಟಿ. ಗಂಟೆ ಸರಿಯಾಗಿ ಕಟ್ಟಿದೆಯೇ ಎಂದು ತಿಳಿಯಲು ಪ್ರೇಮಾ ಎರಡೂ ಪಟ್ಟಿಗಳ ತುದಿಗೆ ತಮ್ಮದೇ ರಕ್ತದ ಡಿಎನ್‌ಎ ಹಾಕುತ್ತಾರೆ. ಹೆತ್ತವರಿಬ್ಬರಿಂದಲೂ ಒಂದೊಂದು ಪಾಲು ಬರುತ್ತದೆ; ಎರಡೂ ರೋಗದ್ದಾದರೆ ಮಾತ್ರ ಕಾಯಿಲೆ. ಪ್ರೇಮಾ ಅವರಲ್ಲಿ ರೋಗದ್ದು ಒಂದು ಪಾಲು, ಒಳ್ಳೆಯದು ಒಂದು ಪಾಲು. ಹಾಗಾಗಿ ಅವರ ಚುಕ್ಕೆ ಎರಡೂ ಕಡೆ ಬರಲೇಬೇಕು. ಬಾರದಿದ್ದರೆ ಪರೀಕ್ಷೆಯೇ ಸುಳ್ಳು, ಮತ್ತೆ ಮೊದಲಿಂದ. ಇಲ್ಲಿಂದ ಹೊರಡುವ ಸಂಶೋಧನಾ ಲೇಖನಗಳಲ್ಲಿ ಇವರ ರಕ್ತವಿದೆ, ಹೆಸರಿಲ್ಲ. ಇದು ಅನ್ಯಾಯವಲ್ಲವೇ ಎಂದು ನಾನು ಸಿಟ್ಟಾಗುತ್ತೇನೆ. "ಬುಡಿ, ಹೆಸ್ರು ತಕಂಡು ಏನ್ ಮಾಡಾನ" ಎಂದು ಅವರೇ ನನ್ನನ್ನು ಸಮಾಧಾನ ಮಾಡುತ್ತಾರೆ.

ಪಟ್ಟಿಗಳು ಬಣ್ಣದ ನೀರಿಗೆ ಇಳಿಯುತ್ತವೆ. ನಿಂಗಿ, ಅವಳ ಗಂಡ ಇಬ್ಬರಲ್ಲೂ ರೋಗದ ಪಾಲಿದೆಯೆಂದು ಪ್ರೇಮಾಗೆ ಮೊದಲೇ ಗೊತ್ತು. ಕೂಸಿಗೆ ಒಬ್ಬರಿಂದಲಾದರೂ ಒಳ್ಳೆಯದು ಬಂದಿರಲಿ ಎಂಬುದೊಂದೇ ಆಸೆ. ಪ್ರೇಮಾ ಅವರ ಚುಕ್ಕೆ ಎರಡೂ ಪಟ್ಟಿಗಳಲ್ಲಿ ಮೂಡುತ್ತದೆ. ಕೂಸಿನದು ರೋಗದ ಪಟ್ಟಿಯಲ್ಲಿ ಮಾತ್ರ. ಇನ್ನೊಂದರಲ್ಲಿ ಆ ಜಾಗ ಬೆಳ್ಳಗೇ ಉಳಿಯುತ್ತದೆ. ಅಂದರೆ ಎರಡೂ ಪಾಲು ರೋಗದ್ದೇ.

"ಅಕ್ಕಾ, ಬಂತಾ?" ಬಾಗಿಲಾಚೆಯಿಂದ ನಿಂಗಿ ಕೇಳುತ್ತಾಳೆ.

ಪ್ರೇಮಾ ಕೈ ತೊಳೆಯುತ್ತಾರೆ, ತೊಳೆಯುತ್ತಲೇ ಇರುತ್ತಾರೆ. "ದಿನಾ ನನ್ ಗಂಟೆ ಸದ್ದು ಮಾಡ್ಲಿ ಅಂತ ಬೇಡ್ಕತಿದ್ದೆ" ಎನ್ನುತ್ತಾರೆ ನನ್ನತ್ತ ನೋಡದೆ. "ಇವತ್ತೊಂದಿನ ಕೆಟ್ಟೋಗ್ಲಿ ಅಂತ ಬೇಡ್ಕಂಡೆ ಕಣ್ರೀ. ಕೆಡ್ಲಿಲ್ಲ."